ಎಕ್ಸ್‌ರೇ ಅಕ್ಕನ ಮುಕ್ತ ವ್ಯವಸ್ಥೆ

ತೊಂದರೆ ಶುರುವಾದದ್ದು ಒಂದು ಬಾಗಿಲಿನಿಂದ. ಆಸ್ಪತ್ರೆಯ ಎಕ್ಸ್‌ರೇ ಫಿಲ್ಮುಗಳನ್ನು ಜೋಡಿಸಿಡುವ ಕೋಣೆಯ ಬಾಗಿಲು ಹೊರಕ್ಕೆ ತೆರೆದು, ದಿನವಿಡೀ ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತಿತ್ತು. ಯಾರೋ ಬುದ್ಧಿವಂತರು ಸುತ್ತೋಲೆಯೊಂದನ್ನು ಆ ಬಾಗಿಲಿನ ಬೆನ್ನಿಗೇ ಅಂಟಿಸಿ ಹೋಗಿದ್ದರು. ಬೀಗ ತೆಗೆಯುವುದು, ಹಾಕುವುದು ಕಾವಲುಗಾರನ ಕೆಲಸ. ಸುತ್ತೋಲೆ ಓದುವುದು ಅವನ ಕೆಲಸವಲ್ಲ. ಹೀಗಾಗಿ ಬಾಗಿಲಿಗೂ ಗೋಡೆಗೂ ನಡುವೆ ಅದು ಹದಿನೈದು ದಿನ ಹಾಯಾಗಿ ನಿದ್ದೆ ಹೊಡೆಯಿತು.

ಶುಕ್ರವಾರ ಕಾವಲುಗಾರ ರಜೆ. ಸಂಜೆ ಎಕ್ಸ್‌ರೇ ಅಕ್ಕನೇ ಬಾಗಿಲು ಎಳೆದಾಗ ಕಾಗದ ಕಣ್ಣಿಗೆ ಬಿತ್ತು. ಇನ್ನು ಮುಂದೆ ಎಕ್ಸ್‌ರೇಗಳೆಲ್ಲ ಕಂಪ್ಯೂಟರಿನಲ್ಲೇ ಇರುತ್ತವೆ, ಫಿಲ್ಮಿನ ಕೋಣೆ ಮುಚ್ಚಲಾಗುವುದು. ಕಂಪ್ಯೂಟರನ್ನು ನಡೆಸುವ ಯಾವುದಾದರೂ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಬಲ್ಲ ಸಿಬ್ಬಂದಿಗೆ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಪರೀಕ್ಷೆ. ಪಾಸಾದವರು ಹೊಸ ಕಂಪ್ಯೂಟರ್ ವಿಭಾಗಕ್ಕೆ. ಉಳಿದವರನ್ನು ‘ಹೆಚ್ಚುವರಿ’ ಎಂದು ಪರಿಗಣಿಸಲಾಗುವುದು.

ಅಕ್ಕ ಇಪ್ಪತ್ತೆರಡು ವರ್ಷದಿಂದ ಆ ಕೋಣೆಯಲ್ಲಿದ್ದಳು. ಮೊಣಕಾಲಿನ ಮೂಳೆ ನೋಡಿ ಮನುಷ್ಯನ ಹೆಸರು ಹೇಳುತ್ತಿದ್ದಳು. ‘ಹೆಚ್ಚುವರಿ’ ಎಂಬ ಪದವನ್ನು ಅವಳು ಅಲ್ಲಿಯವರೆಗೆ ಹಲ್ಲಿನ ಎಕ್ಸ್‌ರೇಗಳ ಮೇಲೆ ಮಾತ್ರ ಓದಿದ್ದಳು. ಹೆಚ್ಚುವರಿ ಹಲ್ಲು ಕಂಡರೆ ಡಾಕ್ಟರು ಏನು ಮಾಡುತ್ತಾರೆಂಬುದೂ ಅವಳಿಗೆ ಗೊತ್ತಿತ್ತು.

ಶನಿವಾರ ರಜೆ ಹಾಕಿ, ಬೆಳಿಗ್ಗೆ ಗಂಡನ ಮುಂದೆ ನಿಂತಳು. ಗಂಡನಿಗೆ ಕನ್ನಡಕದ ಅಂಗಡಿ.

“ರೀ, ನಿಮ್ಮ ಲ್ಯಾಪ್‌ಟಾಪ್ ಇವತ್ತೊಂದಿನ ಕೊಡಿ.”

“ತಗೋ. ಆದ್ರೆ ಜೋಪಾನ ಮಾರಾಯ್ತಿ, ಗಿರಾಕಿಗಳ ಕಣ್ಣಿನ ನಂಬರೆಲ್ಲ ಅದರಲ್ಲೇ ಇದೆ.”

“ನಾನೇನು ನುಂಗಿಬಿಡ್ತೀನಾ?”

ಗಂಡ ಅತ್ತ ಹೋದ. ಇತ್ತ ಅಕ್ಕ ಮಹಡಿಯ ಮೇಲಿನ ಮನೆಯ ಟ್ಯೂಷನ್ ಮೇಷ್ಟ್ರನ್ನು ಕರೆದು, ಕೇಳಬಾರದ ಪ್ರಶ್ನೆಯೊಂದನ್ನು ಕೇಳಿಬಿಟ್ಟಳು.

“ಮೇಷ್ಟ್ರೇ, ಈ ಮುಕ್ತ ವ್ಯವಸ್ಥೆ ಅಂತಾರಲ್ಲ, ಅದರಲ್ಲಿ ಯಾವುದು ಒಳ್ಳೇದು?”

ಮೇಷ್ಟ್ರ ಮುಖ ಅರಳಿತು. ಹನ್ನೊಂದು ವರ್ಷದ ಟ್ಯೂಷನ್ನಿನಲ್ಲಿ ಅವರನ್ನು ಯಾರೂ ತಾವಾಗಿಯೇ ಏನನ್ನೂ ಕೇಳಿರಲಿಲ್ಲ.

“ಅಕ್ಕಾ, ಮುಕ್ತ ಅಂದ್ರೆ ಲಿನಕ್ಸ್. ಅದರಲ್ಲಿ ನೂರಾರು ತರ ಇದೆ. ನೀವು ಕಣ್ಮುಚ್ಚಿಕೊಂಡು ಉಬುಂಟು ಹಾಕ್ಕೊಳ್ಳಿ. ಹೊಸಬರಿಗೆ ಹೇಳಿ ಮಾಡಿಸಿದ ಹಾಗಿದೆ. ಪೆನ್‌ಡ್ರೈವ್ ನನ್ನ ಹತ್ರಾನೇ ಇದೆ.”

ಪೆನ್‌ಡ್ರೈವ್ ಒಳಗೆ ಹೋಯಿತು. ಅಷ್ಟರಲ್ಲಿ ಎದುರುಮನೆಯ ವೈರ್‌ಲೆಸ್ ತಾತ ತೆರೆದ ಬಾಗಿಲಲ್ಲಿ ಪ್ರತ್ಯಕ್ಷರಾದರು. ನಲವತ್ತು ವರ್ಷ ಹಡಗಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದವರು. ಮೂರು ಗೋಡೆ ಆಚೆಯ ಪಿಸುಮಾತನ್ನೂ ಹಿಡಿಯುವ ಕಿವಿ ಅವರದು.

“ಉಬುಂಟುನಾ? ನೋಡಮ್ಮಾ, ಅದು ಹುಟ್ಟಿದ್ದೇ ಡೆಬಿಯನ್‌ನಿಂದ. ಅಜ್ಜಿ ಮನೇಲಿರುವಾಗ ಮೊಮ್ಮಗಳ ಹತ್ರ ಕತೆ ಹೇಳು ಅಂತಾರಾ? ಡೆಬಿಯನ್ ಹಾಕು. ಬಂಡೆ ಇದ್ದ ಹಾಗಿರುತ್ತೆ.”

“ಬಂಡೆ ತರ ಅಲ್ಲಾಡೋದೂ ಇಲ್ಲ ತಾತ,” ಎಂದರು ಮೇಷ್ಟ್ರು.

“ಅಲ್ಲಾಡಬಾರದು ಅಂತಾನೇ ಹಾಕೋದು ಕಣಯ್ಯಾ!”

ಇಬ್ಬರ ದನಿ ಏರಿತು. ಲ್ಯಾಪ್‌ಟಾಪಿನ ಪರದೆ ಪಾಪ, ಒಂದು ಮೂಲೆಯಲ್ಲಿ, ಈ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಮುಂದುವರಿಯಲೇ ಎಂದು ವಿನಯದಿಂದ ಕೇಳುತ್ತ ಕೂತಿತ್ತು. ಅತ್ತ ನೋಡುವವರಿಲ್ಲ.

“ಇದೇ ಸರಿ ಅಂತ ಬರೆದು ಕೊಡ್ತೀಯಾ?” ಎಂದು ತಾತ ಸವಾಲು ಹಾಕಿದರು.

“ಖಂಡಿತ!” ಎಂದು ಮೇಷ್ಟ್ರು ಮೇಜು ಕುಟ್ಟಿದರು. ಕೈ ಮೇಜಿಗೆ ಬೀಳಲಿಲ್ಲ, ಎಂಟರ್ ಕೀಲಿಯ ಮೇಲೆ ಬಿತ್ತು.

ಪರದೆಯ ಮೇಲೆ ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು.

“ಏನದು ಹೋಗ್ತಾ ಇರೋದು?” ಅಕ್ಕ ಪರದೆಯತ್ತ ಬೆರಳು ತೋರಿಸಿದಳು.

ಮೇಷ್ಟ್ರು ಪರದೆ ನೋಡಿದರು, ಛಾವಣಿ ನೋಡಿದರು. “ಬರ್ತಾ ಇದೆ ಅಕ್ಕಾ. ಹೋಗೋದೆಲ್ಲ... ಆಗ್ಲೇ ಹೋಯ್ತು.”

“ಹೇಗೂ ಖಾಲಿ ಆಯ್ತಲ್ಲ,” ತಾತ ಕುರ್ಚಿ ಎಳೆದುಕೊಂಡರು. “ಸರಿಯಪ್ಪಾ, ಇನ್ನು ಡೆಬಿಯನ್ ಹಾಕೋಣ.”

ಗಲಾಟೆ ಕೇಳಿ ಕೆಳಮನೆಯ ಜಿಮ್ ಟೀಚರ್ ಮೇಲೆ ಬಂದಳು. ವಿಷಯ ತಿಳಿದು ಸೊಂಟದ ಮೇಲೆ ಕೈಯಿಟ್ಟಳು.

“ಅಕ್ಕಾ, ಸಿದ್ಧವಾಗಿರೋದನ್ನ ಹಾಕ್ಕೊಂಡ್ರೆ ಏನು ಕಲಿತೀರ? ಆರ್ಚ್ ಹಾಕಿ. ಒಂದೊಂದು ಭಾಗಾನೂ ನೀವೇ ಜೋಡಿಸ್ಬೇಕು. ಬೆವರು ಇಳೀಬೇಕು!”

“ಮೂರು ಗಂಟೆಗೆ ಪರೀಕ್ಷೆ ಕಣಮ್ಮಾ...”

“ಅಷ್ಟರಲ್ಲಿ ಬೆವರು ಇಳಿದೇ ಇಳಿಯುತ್ತೆ.”

ಅದೊಂದು ಮಾತನ್ನು ಜಿಮ್ ಟೀಚರ್ ಉಳಿಸಿಕೊಂಡಳು. ಹನ್ನೆರಡೂವರೆ ಹೊತ್ತಿಗೆ ಲ್ಯಾಪ್‌ಟಾಪನ್ನು ಮೂರು ಸಲ ತೊಳೆದು ಮೂರು ಸಲ ಒಣಗಿಸಿದಂತಾಗಿತ್ತು. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ತೆಗೆಯುವುದು, ತೆಗೆದವರನ್ನು ಮತ್ತೊಬ್ಬರು ಬೈಯುವುದು. ಒಳಗಿನಿಂದ ಅತ್ತೆ ಬೇರೆ ಕನ್ನಡಕ ಒರೆಸುತ್ತ ಬಂದು, “ಹಳೇ ಲ್ಯಾಪ್‌ಟಾಪಿಗೆ ಮಿಂಟ್ ಹಾಕಿದ್ರೆ ಹಗುರ ಆಗುತ್ತಂತೆ. ನಮ್ಮ ವಾಕಿಂಗ್ ಗುಂಪಿನಲ್ಲಿ ಎಲ್ಲರೂ ಅದನ್ನೇ ಬಳಸೋದು,” ಎಂದು ನಾಲ್ಕನೆಯ ಪಕ್ಷ ಕಟ್ಟಿದರು. ಆ ಮನೆಗೆ ಬಂದು ಇಪ್ಪತ್ತೈದು ವರ್ಷವಾದರೂ ಅತ್ತೆಯ ಈ ಮುಖ ಸೊಸೆಗೆ ಗೊತ್ತೇ ಇರಲಿಲ್ಲ.

ಅಕ್ಕ ಎರಡು ಸಲ ಕೀಲಿಮಣೆಗೆ ಕೈ ಹಾಕಲು ನೋಡಿದಳು. ಎರಡು ಸಲವೂ, “ನೀವು ಸುಮ್ನಿರಿ, ಕೆಟ್ಟುಹೋಗುತ್ತೆ,” ಎಂದು ನಾಲ್ವರೂ ಒಕ್ಕೊರಲಿನಿಂದ ಹೇಳಿದರು. ಅವರೆಲ್ಲ ಒಪ್ಪಿದ ಮಾತು ಅದೊಂದೇ.

ಆಗ ಫೋನ್ ಬಂತು. ಗಂಡ.

“ಏನೇ, ಬ್ಯಾಂಕ್ ಮ್ಯಾನೇಜರ್ ಬಂದಿದ್ದಾರೆ. ಅವರ ಎಡಗಣ್ಣಿನ ನಂಬರ್ ನೋಡಿ ಹೇಳು.”

“ರೀ... ಲ್ಯಾಪ್‌ಟಾಪ್ ಈಗ ಮುಕ್ತ ಆಗಿದೆ.”

“ಮುಕ್ತ ಅಂದ್ರೆ?”

“ಒಳಗೆ ಏನೂ ಇಲ್ಲ.”

ಬೈಗುಳಕ್ಕೆ ಅಕ್ಕ ಕಿವಿ ಗಟ್ಟಿ ಮಾಡಿಕೊಂಡಳು. ಕೇಳಿಸಿದ್ದು ಬೇರೆ. ಗಂಡ ಫೋನ್ ಇಡುವುದನ್ನೂ ಮರೆತು, ಸೋತ ದನಿಯಲ್ಲಿ ಹೇಳುತ್ತಿದ್ದ: “ಸಾರ್, ಹಾಗೇ ಕೂತ್ಕೊಳ್ಳಿ. ಮೇಲಿನ ಅಕ್ಷರ ಕಾಣ್ಸುತ್ತಾ? ಅದರ ಕೆಳಗಿನದು?”

ಅವನು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿ ಅಕ್ಕನಿಗೆ ಅಳು ಬಂತು. ಅಳಲು ಪುರುಸೊತ್ತಿರಲಿಲ್ಲ. ಎರಡೂವರೆಗೆ ಹೊರಟಳು. ಬಸ್ ಸ್ಟಾಪಿನವರೆಗೂ ಅತ್ತೆಯನ್ನು ಬಿಟ್ಟು ಉಳಿದ ಮೂವರೂ ವಾದ ಮಾಡುತ್ತ ಮದುಮಗಳನ್ನು ಕಳಿಸುವಂತೆ ಹಿಂದೆ ಬಂದರು. ಬಸ್ಸು ಹೊರಟಾಗಲೂ ತಾತ ಕಿಟಕಿಗೆ ಬಾಯಿಟ್ಟು, “ಬಂಡೆ! ಮರೀಬೇಡ, ಬಂಡೆ!” ಎಂದು ಕೂಗಿದರು. ಬಸ್ಸಿನವರೆಲ್ಲ ರಸ್ತೆಯ ಕಡೆ ನೋಡಿದರು.

ಪರೀಕ್ಷೆಯ ಕೋಣೆಯಲ್ಲಿ ಹನ್ನೊಂದು ಜನ, ಹನ್ನೊಂದು ಕುರ್ಚಿ. ಕಂಪ್ಯೂಟರ್ ಒಂದೂ ಇಲ್ಲ; ಎಲ್ಲ ಇನ್ನೂ ಡಬ್ಬದಲ್ಲೇ ಇವೆಯಂತೆ. ಆಸ್ಪತ್ರೆಯ ಅಧೀಕ್ಷಕರು ಖುದ್ದಾಗಿ ಪ್ರಶ್ನೆಪತ್ರಿಕೆ ಹಂಚಿದರು. ಒಂದೇ ಪ್ರಶ್ನೆ: ‘ನಮ್ಮ ಆಸ್ಪತ್ರೆಗೆ ಯಾವ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಸೂಕ್ತ? ಸಕಾರಣವಾಗಿ ವಿವರಿಸಿ.’

ಅಕ್ಕ ಪ್ರಶ್ನೆಯನ್ನು ಎರಡು ಸಲ ಓದಿದಳು. ಬೆಳಗಿನಿಂದ ತಲೆಯೊಳಗೆ ತುಂಬಿಕೊಂಡದ್ದೆಲ್ಲ ಒಮ್ಮೆಲೇ ಕೈಗೆ ಇಳಿಯಿತು. ಉಬುಂಟು ಯಾಕೆ ಸುಲಭ, ಸುಲಭವಾದದ್ದು ಯಾಕೆ ಅಪಾಯ, ಡೆಬಿಯನ್ ಯಾಕೆ ಬಂಡೆ, ಬಂಡೆಗೆ ಯಾಕೆ ಹೊಸತು ಬರುವುದು ತಡ, ಆರ್ಚ್ ಜೋಡಿಸಿದರೆ ಬುದ್ಧಿ ಹೇಗೆ ಬೆಳೆಯುತ್ತದೆ, ಅಷ್ಟರಲ್ಲಿ ರೋಗಿಯ ಗತಿಯೇನು, ಹಿರಿಯ ನಾಗರಿಕರಲ್ಲಿ ಮಿಂಟ್‌ನ ಜನಪ್ರಿಯತೆ. ನಾಲ್ಕು ಸಲ ಎದ್ದು ಹೆಚ್ಚಿಗೆ ಹಾಳೆ ಕೇಳಿದಳು. ಪಕ್ಕದಲ್ಲಿದ್ದ ರಕ್ತಪರೀಕ್ಷೆಯ ಟೆಕ್ನಿಷಿಯನ್ ಒಂದೇ ಸಾಲು ಬರೆದು, ಪೆನ್ನು ಜೇಬಿಗೆ ಸಿಕ್ಕಿಸಿ ಹೊರಗೆ ಹೋದ.

ಐದು ಗಂಟೆಗೆ ಅಧೀಕ್ಷಕರು ಅವಳನ್ನು ಒಳಗೆ ಕರೆದರು. ಅವರೇ ಎದ್ದು ನಿಂತಿದ್ದರು.

“ಬನ್ನಿ ಮೇಡಂ! ಹದಿನಾಲ್ಕು ಪುಟ! ನಾನೇ ಕೂತು ಓದಿದೆ. ಒಂದು ಸಾಲೂ ಅರ್ಥ ಆಗ್ಲಿಲ್ಲ. ಆಗ್ಲೇ ಗೊತ್ತಾಯ್ತು ನೋಡಿ, ಇದು ನಿಜವಾಗಿ ಬಲ್ಲವರು ಬರೆದಿದ್ದು ಅಂತ. ನೀವೇ ಫಸ್ಟ್.”

ಅಕ್ಕನ ಕಣ್ಣು ತುಂಬಿತು. “ಹಾಗಾದ್ರೆ ಸಾರ್, ಕಂಪ್ಯೂಟರ್ ವಿಭಾಗಕ್ಕೆ ನನ್ನನ್ನ...”

“ಛೆ ಛೆ! ನಿಮ್ಮಂಥವರನ್ನ ಅಲ್ಲಿ ಕೂರ್ಸೋದು ವಿದ್ಯೆಗೇ ಅವಮಾನ. ಉಳಿದ ಹತ್ತು ಜನ ಅಲ್ಲಿ ಕೆಲಸ ಮಾಡ್ಲಿ. ಅವರಿಗೇನೂ ಬರೋದಿಲ್ಲ. ಒಬ್ಬ ಅಂತೂ ‘ಯಾವುದಾದರೂ ಒಂದನ್ನು ಹಾಕಿ, ಕೆಲಸ ಶುರು ಮಾಡಿ’ ಅಂತ ಬರೆದಿದ್ದಾನೆ. ಎಂಥ ಉಡಾಫೆ! ಅವರಿಗೆಲ್ಲ ನೀವು ಕಲಿಸ್ಬೇಕು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಕಂಪ್ಯೂಟರ್ ಮುಂದೆ ಕೂರಿಸಿ, ಕೈ ಹಿಡಿದು. ಹೊಸ ಆದೇಶ ಟೈಪ್ ಆಗ್ತಾ ಇದೆ.”

“ಸಾರ್, ಕಲಿಸೋದು... ಯಾವುದನ್ನ?”

“ಅದನ್ನ ಕೇಳೋಕೆ ನಾನ್ಯಾರು ಮೇಡಂ? ನೀವೇ ಆರಿಸಿ. ಡಬ್ಬ ಬಿಚ್ಚಿ, ಹಾಕಿ, ಶುರು ಮಾಡಿ.”

“ಕಲಿಸೋದು ಮುಗಿದ ಮೇಲೆ ನಾನು ಎಲ್ಲಿಗೆ ಸಾರ್?”

“ಅದನ್ನ ಆಮೇಲೆ ನೋಡೋಣ,” ಎಂದು ಅಧೀಕ್ಷಕರು ಕೈ ಮುಗಿದರು.

ಅಕ್ಕ ಮೆಟ್ಟಿಲ ಕಂಬಿ ಹಿಡಿದುಕೊಂಡು ಇಳಿದಳು. ಕೆಳಗೆ ಆ ಒಂದೇ ಸಾಲಿನ ಟೆಕ್ನಿಷಿಯನ್ ಕಾಯುತ್ತಿದ್ದ. ಅವಳನ್ನು ಕಂಡು ನೆಟ್ಟಗೆ ನಿಂತ.

“ನಮಸ್ಕಾರ ಮೇಡಂ. ನೀವೇ ಕಲಿಸ್ತೀರಂತೆ. ನಾನು ಮನೇಲಿ ಎಂಟು ವರ್ಷದಿಂದ ಲಿನಕ್ಸ್ ಬಳಸ್ತಿದೀನಿ, ಆದ್ರೆ ನಿಮ್ಮಷ್ಟು ಆಳವಾಗಿ ಗೊತ್ತಿಲ್ಲ. ಸೋಮವಾರ ಮೊದಲು ಏನು ಹೇಳ್ಕೊಡ್ತೀರಿ?”

ಅಕ್ಕ ಗಂಟಲು ಸರಿಮಾಡಿಕೊಂಡಳು. “ಮೊದಲು... ಕಂಪ್ಯೂಟರ್ ಆನ್ ಮಾಡೋದು.”

“ಅದು ನಮಗೆಲ್ಲ ಬರುತ್ತೆ ಮೇಡಂ.”

“ಬರುತ್ತೆ ಅಂತ ಎಲ್ಲರೂ ಹೇಳ್ತಾರೆ,” ಎಂದಳು ಅಕ್ಕ, ಅವನ ಮುಖ ನೋಡದೆ. “ಸೋಮವಾರ ನೀವೇ ಎಲ್ಲರ ಮುಂದೆ ಡಬ್ಬ ಬಿಚ್ಚಿ, ಆನ್ ಮಾಡಿ, ಒಂದನ್ನ ಹಾಕಿ ಕೊನೇವರೆಗೂ ಮಾಡಿ ತೋರಿಸಿ. ನಿಧಾನಕ್ಕೆ, ಒಂದೊಂದಾಗಿ, ಬಾಯಲ್ಲಿ ಹೇಳ್ತಾ ಹೇಳ್ತಾ ಮಾಡ್ಬೇಕು. ನಾನು ಪಕ್ಕದಲ್ಲೇ ಕೂತು ಎಲ್ಲಾನೂ ಬರ್ಕೊಳ್ತೀನಿ. ಎಲ್ಲೆಲ್ಲಿ ತಪ್ಪು ಮಾಡ್ತೀರಿ ಅಂತ ನೋಡ್ಬೇಕಲ್ಲ.”