ಅಡುಗೆಮನೆಯ ತೊಲೆ ಮತ್ತು ನನ್ನ ಯಂತ್ರಶಾಸ್ತ್ರ

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಆದರೆ ನನಗೆ ಅನುಕೂಲವಾದದ್ದನ್ನು ಶಾಸ್ತ್ರವೆಂದು ಹೇಳಲು ಚೆನ್ನಾಗಿ ಬರುತ್ತದೆ. ಕೊಪ್ಪಳದ ಹತ್ತಿ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತನಾಗಿದ್ದಾಗ, ಮೈಮೇಲೆ ಕರೀ ಕೋಟು, ತಲೆಯ ಮೇಲೆ ಟೋಪಿ ಇದ್ದುದರಿಂದ, ನಾನು ಹೇಳಿದ್ದನ್ನು ಮಂದಿ ನಂಬುತ್ತಲೂ ಇದ್ದರು. ಟೋಪಿಯ ಒಳಗೆ ಏನಿದೆ ಎಂದು ಯಾರೂ ತೆಗೆಸಿ ನೋಡಿರಲಿಲ್ಲ.

ಯುದ್ಧದ ಕಾಲ. ನಮ್ಮ ಸಾವುಕಾರರು ಎಲ್ಲಿಂದಲೋ ಒಂದು ಹಳೆಯ ಎಣ್ಣೆ ಇಂಜಿನ್ನು ತರಿಸಿದರು. ಅದು ಉದ್ದವಾದ ಪ್ರಾಣಿ. ಒಂದೇ ಕಡೆ ಹಗ್ಗ ಬಿಗಿದು ಎತ್ತಿದರೆ ಮೂತಿ ಕೆಳಗೆ ಹಾಕುತ್ತಿತ್ತು. ಅದರ ಮೇಲೆ ಅಡ್ಡಲಾಗಿ ಒಂದು ತೊಲೆ ಹಿಡಿದು, ತೊಲೆಯ ಎರಡು ತುದಿಗಳಿಂದ ಇಂಜಿನ್ನನ್ನು ತೂಗಹಾಕಬೇಕಿತ್ತು. ಕಬ್ಬಿಣದ ತೊಲೆ ಆಗ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಸಾವುಕಾರರು ಹಣೆ ಒತ್ತಿಕೊಂಡು ಕೂತಾಗ ನಾನು, 'ನಮ್ಮ ಮನೆಯದೊಂದು ಸಾಗವಾನಿ ತೊಲೆ ಇದೆ, ಒಯ್ಯಿರಿ' ಎಂದುಬಿಟ್ಟೆ. ದೊಡ್ಡ ಮನುಷ್ಯನಾಗಲು ಅದಕ್ಕಿಂತ ಸುಲಭದ ದಾರಿ ಕಾಣಲಿಲ್ಲ. ಸಾವುಕಾರರು ನಾಳೆ ಬರುವಷ್ಟರಲ್ಲಿ ಇಂಜಿನ್ನು ಕೂತಿರಬೇಕೆಂದು ಹೇಳಿ, ನಿಶ್ಚಿಂತರಾಗಿ ಕುಷ್ಟಗಿಗೆ ಮದುವೆ ಊಟಕ್ಕೆ ಹೋದರು.

ತೊಲೆ ನಮ್ಮ ಮನೆಯದಲ್ಲ, ನನ್ನ ಹೆಂಡತಿ ಗೌರವ್ವನದು. ನಮ್ಮ ಅಡುಗೆಮನೆ ಗೋಡೆ ಎದ್ದು, ಮೇಲೆ ಮಣ್ಣಿನ ಮಾಳಿಗೆ ಇಲ್ಲದೆ ನಿಂತಿತ್ತು. ಆ ಮಾಳಿಗೆಗೆಂದೇ ಅವಳ ಅಣ್ಣ ಅಳವಂಡಿಯಿಂದ ಬಂಡಿಯ ಮೇಲೆ ತಂದು ಇಳಿಸಿದ ತೊಲೆ ಅದು. ಆರು ತಿಂಗಳಿಂದ ಅವಳು ಬಿಸಿಲಲ್ಲೇ ರೊಟ್ಟಿ ಬಡಿಯುತ್ತಿದ್ದಳು. ತೊಲೆ ಕೊಟ್ಟ ಸುದ್ದಿಯನ್ನು ಅವಳಿಗೆ ಹೇಳಲು ನನಗೆ ಸಮಯ ಸಿಗಲಿಲ್ಲ. ಅಂದರೆ ಧೈರ್ಯ ಸಿಗಲಿಲ್ಲ.

ಜಿನ್ನಿನ ತಗಡಿನ ಮಾಡಿನ ಕೆಳಗೆ ಮೂರು ಮರದ ಕಾಲು ನಿಲ್ಲಿಸಿ, ನೆತ್ತಿಗೆ ಸರಪಳಿ ರಾಟೆ ಕಟ್ಟಿದರು. ರಾಟೆಗೂ ತೊಲೆಗೂ ಹೇಗೆ ಗಂಟು ಹಾಕುವುದೆಂಬುದೇ ಪ್ರಶ್ನೆ. ಹಮಾಲರ ಹಿರಿಯ ಯಮನಪ್ಪ ತೊಲೆಯ ನಡುವೆ ಕಟ್ಟೋಣ ಎಂದ. ಮಿಸ್ತ್ರಿ ಹುಸೇನಸಾಬ ಎರಡು ಬಗೆಯನ್ನೂ ಬಿಡಿಸಿ ಹೇಳಿದ.

"ನಡಕ ಕಟ್ಟಿದ್ರ ತೊಲಿ ಬಾಗತೈತ್ರಿ. ಎರಡೂ ತುದಿಗೆ ಹಗ್ಗ ಕಟ್ಟಿ ಮ್ಯಾಲ ರಾಟಿಗೆ ಕೂಡಿಸಿದ್ರ ತೊಲಿಗೆ ಅಷ್ಟು ತ್ರಾಸಿಲ್ಲ. ಆದ್ರ ಆ ಹಗ್ಗಕ್ಕ ಮ್ಯಾಲ ಭಾಳ ಜಾಗಾ ಬೇಕಾಗ್ತೈತಿ."

'ತೊಲೆಗೆ ತ್ರಾಸಿಲ್ಲ' ಎಂಬುದಷ್ಟೇ ನನ್ನ ಕಿವಿಗೆ ಬಿತ್ತು. ಕೂಡಲೇ ಎರಡು ತುದಿಗಳ ಪರವಾಗಿ ಭಾಷಣ ಶುರು ಮಾಡಿದೆ. ಭಾರ, ಸಮತೋಲ, ವಿಲಾಯತಿಯವರು ಮಾಡುವ ರೀತಿ ಎಂದೆಲ್ಲ ಹೇಳಿದೆ. ವಿಲಾಯತಿ ಹಾಗಿರಲಿ, ನಾನು ಗಂಗಾವತಿಯ ಆಚೆ ಏನನ್ನೂ ನೋಡಿದವನಲ್ಲ. ಯಮನಪ್ಪ ತಂಬಾಕು ಉಗುಳಿ ಎರಡೂ ತುದಿಗೆ ಹಗ್ಗ ಬಿಗಿದ.

ಇಂಜಿನ್ನಿಗೆ ಕಾಯಿ ಒಡೆದೆವು. ದೇವರಿಗೆ ನೀರು, ನಮಗೆ ಕೊಬ್ಬರಿ. ಸರಪಳಿ ಜಗ್ಗಿದರು. ಇಂಜಿನ್ನು ಎದ್ದಿತು, ಇನ್ನಷ್ಟು ಎದ್ದಿತು, ಆಮೇಲೆ ಹಗ್ಗಗಳ ಗಂಟು ಹೋಗಿ ರಾಟೆಗೆ ತಾಗಿ ನಿಂತುಬಿಟ್ಟಿತು. ಇಂಜಿನ್ನು ಕೂರಬೇಕಾದ ಕಟ್ಟೆಯ ಮೇಲೆ ನೆಟ್ಟ ಬೋಲ್ಟುಗಳನ್ನು ದಾಟಲು ಇನ್ನೊಂದು ಗೇಣು ಬೇಕಿತ್ತು. ಕಾಲುಗಳನ್ನು ಎತ್ತರಿಸೋಣವೆಂದರೆ ಅವು ಆಗಲೇ ಮಾಡಿಗೆ ಮುಟ್ಟಿದ್ದವು. ಎಲ್ಲರೂ ನನ್ನ ಮುಖ ನೋಡಿದರು. ನಾನು ಮಾಡಿನ ಕಡೆ ನೋಡಿ, ನಾಲ್ಕು ತಗಡು ಕಿತ್ತರೆ ಆಯಿತು, ಇಂಜಿನ್ನಿಗೆ ಗಾಳಿಯೂ ಬೇಕು ಎಂದೆ. ಸಾವುಕಾರರ ಮಾಡು ಹೋದರೂ ಚಿಂತೆಯಿಲ್ಲ, ನನ್ನ ಸಂಸಾರ ಉಳಿದರೆ ಸಾಕಾಗಿತ್ತು.

ಆ ಹೊತ್ತಿಗೆ ಬಾಗಿಲಲ್ಲಿ ಗೌರವ್ವ ನಿಂತಿದ್ದಳು. ಮಾಳಿಗೆ ಹಾಕುವ ಗೌಂಡಿ ಮನೆಗೆ ಬಂದು ತೊಲೆ ಎಲ್ಲಿ ಎಂದು ಕೇಳಿದ್ದನಂತೆ. ನಾನು ಇಂಜಿನ್ನಿನ ಹಿಂದೆ ಸರಿದೆ. ಅವಳು ನನ್ನನ್ನು ಕೇಳಲೇ ಇಲ್ಲ, ಮಿಸ್ತ್ರಿಯನ್ನು ಕೇಳಿದಳು. ಅವನು ಎಲ್ಲ ಹೇಳಿದ. ನಡುವೆ ಕಟ್ಟಿದರೆ ಮುರಿಯುತ್ತದೆಯೇ ಎಂದಳು. ಅವನು ತೊಲೆಯ ದಪ್ಪವನ್ನು ಗೇಣಿನಿಂದ ಅಳೆದು, ಮುರಿಯುವುದಿಲ್ಲ, ತುಸು ಬಾಗಬಹುದು ಎಂದ.

"ಬಾಗಿದ್ರ ಬಾಗಲಿ, ನಡಕ ಕಟ್ರಿ," ಎಂದಳು ಗೌರವ್ವ. "ನನ್ನ ಅಡಗಿಮನಿ ಸಲುವಾಗಿ ಮಂದಿ ಮಾಡಿನ ತಗಡ ಕೀಳಬ್ಯಾಡ್ರಿ."

ನನ್ನ ಯಂತ್ರಶಾಸ್ತ್ರದ ಮೂಲ ಎಲ್ಲಿತ್ತೆಂದು ಹಮಾಲರಿಗೆ ಆ ಕ್ಷಣ ತಿಳಿಯಿತು. ಅವರು ನಕ್ಕ ನಗೆಗೆ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಇಂಜಿನ್ನನ್ನು ಕೆಳಗಿಳಿಸಿ, ಯಮನಪ್ಪನೇ ತೊಲೆಯ ನಡುವೆ ರಾಟೆಯ ಕೊಂಡಿ ಸಿಕ್ಕಿಸಿದ. ಈ ಸಲ ಬೋಲ್ಟು ದಾಟಿ ಅದು ಪಲ್ಲಕ್ಕಿ ಉತ್ಸವ ಮುಗಿಸಿದ ದೇವರಂತೆ ಕಟ್ಟೆಯ ಮೇಲೆ ಕೂತಿತು. ತೊಲೆ ನಡುವೆ ಒಂದು ಬೆರಳಿನಷ್ಟು ಉಬ್ಬಿ, ಹಾಗೆಯೇ ಉಳಿಯಿತು. ಗೌರವ್ವನ ಹಿಂದೆಯೇ ಬಂದಿದ್ದ ಗೌಂಡಿ ಅದನ್ನು ನೋಡಿ, ಉಬ್ಬಿದ ಬೆನ್ನು ಮೇಲೆ ಮಾಡಿ ಇಟ್ಟರೆ ಮಾಳಿಗೆಯ ಮಣ್ಣಿನ ಭಾರಕ್ಕೆ ತಾನೇ ಸರಿಹೋಗುತ್ತದೆ ಎಂದು ಹಮಾಲರಿಂದ ಹೊರಿಸಿಕೊಂಡು ಹೋದ.

ಮರುದಿನ ಸಾವುಕಾರರು ಬಂದು, ಇಂಜಿನ್ನಿನ ಸುತ್ತ ಎರಡು ಸುತ್ತು ಹಾಕಿ, ಇಷ್ಟು ಗಿಡ್ಡ ಮಾಡಿನೊಳಗೆ ಇದನ್ನು ಕೂಡಿಸಿದ್ದು ಯಾರ ಬುದ್ಧಿ ಎಂದು ಕೇಳಿದರು. ನಾನು ಟೋಪಿ ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಯಮನಪ್ಪ ಹೇಳಿಬಿಟ್ಟ.

"ಇವ್ರ ಮನಿಯವ್ರದ್ರಿ, ಸಾವ್ಕಾರ್ರ. ಇವ್ರು ತಗಡ ಕೀಳಸಾಕ ನಿಂತಿದ್ರು."

ಸಾವುಕಾರರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಜಿನ್ನಿಗೆ ಮುಂದೆ ಯಾವ ಭಾರದ ಸಾಮಾನು ಬಂದರೂ, ಅದನ್ನು ಬಂಡಿಯಿಂದ ಇಳಿಸುವ ಮೊದಲು ನನ್ನನ್ನು ಕರೆದು, ಮನೆಯಲ್ಲಿ ಕೇಳಿಕೊಂಡು ಬಂದಿರಾ ಎನ್ನುತ್ತಿದ್ದರು. ಮೊದಲೆರಡು ಸಲ ನನಗೆ ಸಿಟ್ಟು ಬಂತು. ಆಮೇಲೆ ಅವರು ಕರೆಯುವ ಮೊದಲೇ ನಾನು ಕೇಳಿಕೊಂಡು ಬರತೊಡಗಿದೆ.