ಅಣ್ಣನ ಕ್ಯಾಮೆರಾ, ಅತ್ತಿಗೆಯ ಉಗುರುಬಣ್ಣ

ನಮ್ಮಣ್ಣನ ಮನೆಯಲ್ಲಿ ಇಡ್ಲಿ ತಿನ್ನುವವರು ಚಟ್ನಿಗೆ ಕೈ ಹಾಕುವ ಮೊದಲು ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡಬೇಕು. ಇದು ಆ ಮನೆಯ ಕಾನೂನು. ಒಂದು ಭಾನುವಾರ ನಾನು ಆ ಕಾನೂನು ಮುರಿದೆ. ಬಾಯಲ್ಲಿ ಕಟ್ ಎಂದಿತು. ತೆಗೆದು ನೋಡಿದರೆ ಸಾಸಿವೆ ಕಾಳಿನಷ್ಟು ಸ್ಕ್ರೂ! ನಾನು ದವಡೆ ಹಿಡಿದುಕೊಂಡು ಕೂತಿದ್ದೇನೆ, ಅಣ್ಣ ಎದ್ದು ಬಂದು ಆ ಸ್ಕ್ರೂವನ್ನು ಲುಂಗಿಗೆ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ಕಣ್ಣರಳಿಸಿದ.

"ಸಿಕ್ತು ನೋಡಲೇ! ಮೂರು ದಿನದಿಂದ ಹುಡುಕಾಕತ್ತಿದ್ದೆ!"

ನನ್ನ ಹಲ್ಲಿನ ಗತಿ ಏನಾಯಿತೆಂದು ಯಾರೂ ಕೇಳಲಿಲ್ಲ.

ಹೆದರಬೇಡಿ, ನಮ್ಮಣ್ಣನಿಗೆ ತಲೆ ಕೆಟ್ಟಿಲ್ಲ. ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷದಿಂದ ಫಿಟ್ಟರ್. ಅಲ್ಲಿ ಕೈ ತುಂಬ ಹೆಬ್ಬೆರಳು ಗಾತ್ರದ ಬೋಲ್ಟುಗಳು, ಮನೆಗೆ ಬಂದರೆ ಕ್ಯಾಮೆರಾದೊಳಗಿನ ಸೂಜಿಮೊನೆಯಂಥ ಸ್ಕ್ರೂಗಳು. ಹಗಲೆಲ್ಲ ಆನೆ ತೊಳೆದ ಮಾವುತ ಸಂಜೆ ಮನೆಯಲ್ಲಿ ಇರುವೆಗೆ ಸ್ನಾನ ಮಾಡಿಸಿದಂತೆ! ಕ್ಯಾಮೆರಾ ಬಿಚ್ಚುವಾಗ ಅವನಿಗೆ ಅತ್ತಿಗೆಯ ಇಡ್ಲಿ ತಟ್ಟೆಗಳೇ ಬೇಕು. ಮೂರು ತಟ್ಟೆ, ಹನ್ನೆರಡು ಗುಳಿ. ಮೊದಲು ಬಿಚ್ಚಿದ ಸ್ಕ್ರೂ ಮೊದಲ ಗುಳಿಗೆ, ಕಡೆಯದು ಕಡೆಯ ಗುಳಿಗೆ. ಯಾವ ಗುಳಿಯದು ಯಾವ ಮೂಲೆಯದೆಂದು ಒಂದು ತಿಂಗಳಾದರೂ ಮರೆಯುವವನಲ್ಲ. ಆದರೆ ಇಡ್ಲಿ ತಟ್ಟೆಗೆ ಹಬೆಯಾಡಲೆಂದು ಸಣ್ಣ ತೂತುಗಳಿರುತ್ತವಲ್ಲ, ಅವು ಅವನ ಲೆಕ್ಕಕ್ಕೆ ಬರುವುದೇ ಇಲ್ಲ. ಆ ಸಲವೂ ಒಂದು ಸ್ಕ್ರೂ ಅಲ್ಲಿ ಸಿಕ್ಕಿಕೊಂಡಿತು, ಅತ್ತಿಗೆ ಹಿಟ್ಟು ಹೊಯ್ದಳು, ನಾನು ಕಚ್ಚಿದೆ.

"ನಮ್ಮ ಮನ್ಯಾಗೆ ರಕ್ತ ಕಮ್ಮಿ ಅಂತ ಯಾರೂ ಡಾಕ್ಟರ ಹತ್ರ ಹೋಗಂಗಿಲ್ಲಪ್ಪ, ಇಡ್ಲಿಯಾಗೇ ಕಬ್ಬಿಣ ಐತೆ" ಎನ್ನುತ್ತಾಳೆ ಅತ್ತಿಗೆ.

ನಾನು ಓದಿದ್ದು ಏಳನೇ ಕ್ಲಾಸು. ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಹಾಸ್ಟೆಲ್ ಹುಡುಗರ ಪಾಸ್‌ಪೋರ್ಟ್ ಫೋಟೋ, ಆಗಾಗ ಮದುವೆ, ನಿಶ್ಚಿತಾರ್ಥ. ಕೆಲವು ವರ್ಷಗಳ ಹಿಂದೆ ಹೊಸ ನಮೂನೆಯ ಕ್ಯಾಮೆರಾ ತೆಗೆದುಕೊಂಡು, ನನ್ನ ಎರಡು ಹಳೆಯವನ್ನು ಅಣ್ಣನಿಗೆ ಕೊಟ್ಟೆ. ಅಲ್ಲಿಂದ ಶುರುವಾಯಿತು ನಮ್ಮಿಬ್ಬರ ಯುದ್ಧ.

ವಿಷಯ ಇಷ್ಟೆ. ಹಳೆಯದರ ಹೊಟ್ಟೆಯಲ್ಲಿ ಒಂದು ಪುಟ್ಟ ಕನ್ನಡಿ ಇರುತ್ತದೆ. ಎದುರಿನದನ್ನು ಕನ್ನಡಿ ನೇರ ನಮ್ಮ ಕಣ್ಣಿಗೆ ತೋರಿಸುತ್ತದೆ. ಗುಂಡಿ ಒತ್ತಿದಾಗ ಟಪ್ ಎಂದು ಮೇಲಕ್ಕೆ ಸರಿಯುತ್ತದೆ. ಹೊಸದರಲ್ಲಿ ಕನ್ನಡಿಯೇ ಇಲ್ಲ. ಕಣ್ಣಿಟ್ಟ ಕಡೆ ಒಂದು ಸಣ್ಣ ಪರದೆ, ಫೋಟೋ ಹೇಗೆ ಬರುತ್ತದೋ ಅದು ತೆಗೆಯುವ ಮೊದಲೇ ಅಲ್ಲಿ ಕಾಣುತ್ತದೆ. ನನಗೆ ಇದು ದೊಡ್ಡ ಅನುಕೂಲ. ಅಣ್ಣನಿಗೆ ಇದು ದೊಡ್ಡ ಪಾಪ!

"ಊಟಕ್ಕೆ ಮೊದ್ಲೇ ತೇಗು ಬಂದಂಗೆ ಆತು" ಎಂದ ಮೊದಲ ಸಲ ನೋಡಿ. "ಹುಡುಗಿ ಎದುರಿಗೇ ನಿಂತಾಳೆ, ನೀನು ಟಿ.ವಿ.ಯಾಗೆ ನೋಡ್ತೀಯಲ್ಲೋ!"

"ಅಣ್ಣಾ, ಕತ್ತಲಾಗಿದ್ರೂ ಬೆಳ್ಳಗೆ ಕಾಣ್ತೈತೆ ನೋಡು."

"ಕತ್ತಲಾದ್ರೆ ಕತ್ತಲೆ ಅಂತ ಹೇಳಬೇಕು. ಕನ್ನಡಿ ಹೇಳ್ತೈತೆ. ನಿನ್ನ ಪರದೆ ಹೆಂಗೆ ಗೊತ್ತಾ? ಮದುವೆ ಮಾಡ್ಸೋ ದಲ್ಲಾಳಿ ಇದ್ದಂಗೆ. ಎಲ್ರೂ ಬೆಳ್ಳಗೆ!"

ಅವನು ಅಲ್ಲಿಗೇ ನಿಲ್ಲಲಿಲ್ಲ. ಹಳೆಯ ಎರಡೂ ಕ್ಯಾಮೆರಾಗಳ ಬೆನ್ನಿನಲ್ಲಿ ತೆಗೆದ ಫೋಟೋ ನೋಡಲು ಒಂದು ಪರದೆ ಇತ್ತಲ್ಲ, ಅದನ್ನೂ ಕಿತ್ತು ಅಲ್ಲಿ ಅಲ್ಯೂಮಿನಿಯಂ ತಗಡು ಕೂರಿಸಿದ. ತಗಡು ಎಷ್ಟು ನಯವಾಗಿ ಕೂತಿತ್ತೆಂದರೆ ಕಂಪನಿಯವರೇ ಮಾಡಿದ್ದಾರೆ ಎನ್ನಬೇಕು. ಯಾಕಣ್ಣಾ ಎಂದರೆ, "ಹಿಂದೆ ನೋಡ್ಕೋತ ಕೂತ್ರೆ ಮುಂದಿಂದು ತಪ್ಪಿ ಹೋಗ್ತೈತೆ" ಎಂದ. ಬೋರ್‌ವೆಲ್ ಪೈಪಿನ ಮುಚ್ಚಳ ಕೊರೆದು ಯಾವುದೋ ಕಾಲದ ಲೆನ್ಸ್ ಸಿಕ್ಕಿಸಿದ. ಕಡೆಗೆ ಒಂದು ಕ್ಯಾಮೆರಾದ ಎದೆಯನ್ನೇ ಬಗೆದು, ಒಳಗಿದ್ದ ಒಂದು ತೆಳು ಗಾಜು ತೆಗೆದು ಬೇರೆ ಗಾಜು ಇಟ್ಟ. ಆ ಗಾಜು ಕಣ್ಣಿಗೆ ಕಾಣದ ಕೆಂಪು ಬೆಳಕನ್ನು ತಡೆಯುವ ಬಾಗಿಲಂತೆ. ಬಾಗಿಲು ಕಿತ್ತ ಮೇಲೆ, ನಮಗೆ ಕಾಣದ್ದು ಆ ಕ್ಯಾಮೆರಾಕ್ಕೆ ಕಾಣತೊಡಗಿತು. ಎರಡೂ ಅವಳಿಜವಳಿ, ಗುರುತು ಸಿಗಬೇಕಲ್ಲ? ಅತ್ತಿಗೆಯ ನೇಲ್ ಪಾಲಿಶ್ ತಂದು ಬಾಗಿಲು ಕಿತ್ತಿದ್ದರ ಮೇಲೆ ಒಂದು ಕೆಂಪು ಚುಕ್ಕಿ ಇಟ್ಟ.

ಆ ಚುಕ್ಕಿ ಕ್ಯಾಮೆರಾ ಹಿಡಿದು ಒಂದು ದಿನ ತುಂಗಭದ್ರೆಯ ದಂಡೆಗೆ ನನ್ನನ್ನೂ ಕರೆದುಕೊಂಡು ಹೋದ. ಅಲ್ಲೊಂದು ಹುಣಸೆ ಮರ. ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟು ಕನ್ನಡಿಯಲ್ಲಿ ಚೆನ್ನಾಗಿ ನೋಡಿದ. ಆಮೇಲೆ ಲೆನ್ಸಿನ ಮುಂದೆ, ಕಾಣುವ ಬೆಳಕನ್ನೆಲ್ಲ ತಡೆದು ಕಾಣದ್ದನ್ನಷ್ಟೇ ಒಳಗೆ ಬಿಡುವ, ಇದ್ದಿಲಿನಷ್ಟು ಕಪ್ಪು ಗಾಜು ಸಿಕ್ಕಿಸಿದ. ಈಗ ಕನ್ನಡಿಯಲ್ಲಿ ಬರೀ ಕತ್ತಲೆ! ದನ ತೊಳೆಯುತ್ತಿದ್ದವನೊಬ್ಬ ಬಂದು ಕೇಳಿದ:

"ಏನ್ ಕಾಣ್ತೈತ್ರಿ ಅದ್ರಾಗೆ?"

"ಏನೂ ಕಾಣಂಗಿಲ್ಲ" ಎಂದ ಅಣ್ಣ, ಕಣ್ಣು ತೆಗೆಯದೆ.

"ಮತ್ತೆ ಯಾಕ ಬಗ್ಗಿ ನಿಂತೀರಿ?"

ನಾನು ಮುಖ ತಿರುಗಿಸಿ ನಕ್ಕೆ. "ಪರದೆ ಕ್ಯಾಮೆರಾ ಆಗಿದ್ರೆ ಈ ಗಾಜು ಹಾಕಿದ್ರೂ ಕಾಣ್ತಿತ್ತಣ್ಣ" ಎಂದೆ. ಅವನು ನೆಟ್ಟಗಾಗಿ ನನ್ನನ್ನು ನೋಡಿ ಹೇಳಿದ: "ಮೊದ್ಲು ನೋಡಿದ್ದು ನೆನಪು ಇರಬೇಕಪ್ಪ. ಕನ್ನಡಿಯೋನಿಗೆ ನೆನಪು ಬೇಕು. ಪರದೆಯೋನಿಗೆ ಅದೂ ಬ್ಯಾಡ."

ಫೋಟೋದಲ್ಲಿ ಹುಣಸೆ ಎಲೆಯೆಲ್ಲ ಬೆಳ್ಳಗೆ, ಆಕಾಶ ಕಪ್ಪಗೆ. ನಾನು ಬೆರಗಾದೆ. ಅತ್ತಿಗೆ ಮಾತ್ರ, "ಹುಣಸೆ ಗಿಡಕ್ಕೆ ಯಾರ್ರೀ ಸುಣ್ಣ ಹೊಡ್ದೋರು?" ಎಂದಳು.

ಇಷ್ಟು ಹೊತ್ತು ಅಣ್ಣನನ್ನು ಆಡಿಕೊಂಡೆ. ನನ್ನ ಕಥೆ ಕೇಳಿದರೆ ನೀವು ಯಾರನ್ನು ಆಡಿಕೊಳ್ಳುತ್ತೀರೋ ನೋಡೋಣ.

ಹೋದ ವರ್ಷ ದೇವರಾಜ ಅರಸು ಬಡಾವಣೆಯವರೊಬ್ಬರ ಮಗಳ ನಿಶ್ಚಿತಾರ್ಥಕ್ಕೆ ನನ್ನನ್ನು ಕರೆದಿದ್ದರು. ಹಿಂದಿನ ದಿನ ನನ್ನ ಹೊಸ ಕ್ಯಾಮೆರಾದ ಪರದೆ ಕಣ್ಣು ಮುಚ್ಚಿತು. ಪೂರ್ತಿ ಕಪ್ಪು. ಬೇರೆಯವರಾಗಿದ್ದರೆ ಅಣ್ಣನಿಗೆ ಫೋನ್ ಮಾಡುತ್ತಿದ್ದರು. ನಾನು ಹೇಗೆ ಮಾಡಲಿ? ಐದು ವರ್ಷ ಪರದೆಯ ಪರ ವಾದ ಮಾಡಿದ ಬಾಯಿ! ಅವನು ಫಸ್ಟ್ ಶಿಫ್ಟಿಗೆ ಹೋಗಿರುವ ಹೊತ್ತು ನೋಡಿ ಹರಿಹರದ ಬಸ್ಸು ಹತ್ತಿದೆ. ಅತ್ತಿಗೆಗೆ "ಅಣ್ಣಗೆ ಹೇಳೀನಿ" ಎಂದೆ. ಅದು ಮೊದಲನೇ ಸುಳ್ಳು. ಸಾದಾ ಕ್ಯಾಮೆರಾ ಅವತ್ತು ಬಿಚ್ಚಿಕೊಂಡು ಇಡ್ಲಿ ತಟ್ಟೆಗಳ ಮೇಲೆ ಮಲಗಿತ್ತು. ಉಳಿದದ್ದು ಚುಕ್ಕಿಯದು. ಆ ಕಪ್ಪು ಗಾಜು ಹಾಕಿದರೆ ತಾನೇ ಬಣ್ಣ ಬದಲಾಗುವುದು, ಹಾಕದಿದ್ದರೆ ಸಾದಾ ಕ್ಯಾಮೆರಾನೇ ಎಂದು ನನ್ನ ಏಳನೇ ಕ್ಲಾಸಿನ ತಲೆ ಲೆಕ್ಕ ಹಾಕಿತು. ಗಿರಾಕಿಗಳ ಮುಂದೆ ಉಗುರುಬಣ್ಣ ಹಚ್ಚಿದ ಕ್ಯಾಮೆರಾ ಹಿಡಿದರೆ ಮರ್ಯಾದೆ ಏನಾಗಬೇಕು? ಸ್ಟುಡಿಯೋದಲ್ಲಿ ಥಿನ್ನರ್ ಬಟ್ಟೆಯಿಂದ ಚುಕ್ಕಿ ಒರೆಸಿದೆ.

ನಿಶ್ಚಿತಾರ್ಥದಲ್ಲಿ ಕನ್ನಡಿಯೊಳಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಕಾಣದೆ ಏನು? ಕನ್ನಡಿ ತೋರಿಸುವುದು ಎದುರಿಗಿರುವುದನ್ನು, ಒಳಗೆ ದಾಖಲಾಗುವುದನ್ನಲ್ಲ. ಬೆನ್ನಿನ ಪರದೆಯಲ್ಲಿ ನೋಡೋಣವೆಂದರೆ ಅಲ್ಲಿ ತಗಡು! ಸಂಜೆ ಕಂಪ್ಯೂಟರಿಗೆ ಹಾಕಿ ನೋಡಿದರೆ ಒಂದು ಬಣ್ಣವೂ ಸರಿಯಿಲ್ಲ! ಮರುದಿನ ಫೋಟೋ ನೋಡಲೆಂದು ಹೆಣ್ಣಿನ ತಂದೆ ಸ್ಟುಡಿಯೋ ಬಾಗಿಲಲ್ಲಿ.

"ಏನ್ರಿ ಇದು? ನಮ್ಮ ಅಳಿಯ ಹಾಕ್ಕೊಂಡಿದ್ದು ಕರೇ ಕೋಟು. ಇಲ್ಲಿ ಬದನೆಕಾಯಿ ಬಣ್ಣ ಐತಲ್ರಿ! ವೀಳ್ಯದೆಲೆ ನೋಡ್ರಿ, ಹುಡುಗಿ ಸೀರೆಗಿಂತ ಗುಲಾಬಿ ಆಗೈತೆ!"

ಆಗ ನನ್ನ ಬಾಯಿಂದ ಬಂದ ಮಾತು ಇದು: "ನಮ್ಮಣ್ಣ ಕ್ಯಾಮೆರಾ ಬಿಚ್ಚಿಟ್ಟಿದ್ದ ಸಾರ್. ಗುರುತು ಹಾಕದೇ ಕೊಟ್ಟ. ನನಗೆ ಹೆಂಗೆ ಗೊತ್ತಾಗಬೇಕು?"

ಗುರುತೇ ಇರಲಿಲ್ಲವೆಂದು ಅಣ್ಣನಿಗೂ ಹೇಳಿದೆ. ಕ್ಯಾಮೆರಾ ತೆಗೆದುಕೊಂಡು ಹೋದದ್ದಕ್ಕೆ ಅವನಿಗೆ ಕೋಪವೇ ಇಲ್ಲ. "ಯಾಕೋ ಕನ್ನಡಿಯಾಗೆ ತೆಗಿಬೇಕು ಅನ್ನಿಸ್ತು" ಎಂದು ನಾನು ಇನ್ನೊಂದು ಸುಳ್ಳು ಹೇಳಿದಾಗ ಮುಖ ಅರಳಿಸಿದ ಕೂಡ. ಆಮೇಲೆ ಕ್ಯಾಮೆರಾ ತಿರುಗಿಸಿ ತಿರುಗಿಸಿ ನೋಡಿದ.

"ಚುಕ್ಕಿ ಇಟ್ಟಿದ್ನಲ್ಲೋ..."

"ಇರಲಿಲ್ಲಣ್ಣ."

"ಇಟ್ಟಂಗೆ ನೆನಪು."

"ಇಲ್ಲಣ್ಣ, ನಾ ನೋಡ್ದಾಗ ಇರಲಿಲ್ಲ."

ಅವನು ಕ್ಯಾಮೆರಾ ಕೆಳಗಿಟ್ಟ. ರಜೆ ಹಾಕಿ ಬಂದು, ಹೆಣ್ಣಿನ ತಂದೆಯ ಮುಂದೆ ಕೈಮುಗಿದು "ನಂದೇ ತಪ್ಪು ರೀ, ಗುರುತು ಹಾಕದು ಮರ್ತೀನಿ" ಎಂದ. ಒಂದು ದಿನವೆಲ್ಲ ನನ್ನ ಪಕ್ಕ ಕೂತು ಎಲ್ಲ ಫೋಟೋಗಳನ್ನೂ ಕಪ್ಪುಬಿಳುಪು ಮಾಡಿಸಿದ. ಏನು ಹೇಳಲಿ! ಆ ಕಾಣದ ಬೆಳಕಿಗೆ ಮುಖದ ಕಲೆ, ಸುಕ್ಕು ಒಂದೂ ಉಳಿಯುವುದಿಲ್ಲವಂತೆ. ಹುಡುಗಿಯ ಅಜ್ಜಿಯಂತೂ ತನ್ನ ಫೋಟೋ ನೋಡಿ, "ಇದನ್ನ ದೊಡ್ಡದು ಮಾಡ್ಸಿ ಗೋಡೆಗೆ ಹಾಕ್ರಿ, ನಾ ಸಾಯೋದೇನು ಕಾಯಬ್ಯಾಡ್ರಿ" ಎಂದಳು. ಗಿರಾಕಿ ಖುಷಿಯಿಂದ ಹೋದರು. ಅಂದರೆ ನನ್ನ ಸುಳ್ಳು ಬೇಕೇ ಇರಲಿಲ್ಲ!

ಆದರೆ ಅದು ಹರಿಹರದಲ್ಲಿ ಹೋಗಿ ಕೂತಿತ್ತು. ಅತ್ತಿಗೆಯ ಫೋನುಗಳು ಬರತೊಡಗಿದವು.

"ನಿಮ್ಮಣ್ಣ ಎಲ್ಲದಕ್ಕೂ ಚುಕ್ಕಿ ಇಡಾಕತ್ತಾರಪ್ಪ. ಬೀಗಕ್ಕೆ, ಉಪ್ಪಿನ ಡಬ್ಬಿಗೆ, ಎಡಗಾಲ ಚಪ್ಪಲಿಗೆ! ನನ್ನ ಉಗುರಿಗಿಂತ ಗ್ಯಾಸ್ ಸಿಲಿಂಡರಿಗೇ ಬಣ್ಣ ಜಾಸ್ತಿ ಆಗೈತೆ."

ನಾನು ನಕ್ಕೆ. ನನ್ನ ಹೆಂಡತಿಗೂ ಹೇಳಿ ನಗಿಸಿದೆ. ಒಳಗೆ ಏನೋ ಚುಚ್ಚಿತು, ಒಂದು ಲೋಟ ನೀರು ಕುಡಿದೆ. ಹೀಗೆ ನಾಲ್ಕೈದು ತಿಂಗಳು ನೀರು ಕುಡಿದೇ ಕಳೆದೆ. ಒಂದು ದಿನ ಅತ್ತಿಗೆಯ ದನಿ ಬೇರೆಯಾಗಿತ್ತು.

"ಇಡ್ಲಿ ತಟ್ಟೆ ಮೂರೂ ತೊಳ್ದು ಅಡುಗೆಮನ್ಯಾಗೆ ಇಟ್ಟಾರಪ್ಪ."

"ಒಳ್ಳೇದಾತಲ್ಲ ಅತ್ತಿಗೆ! ನೀವು ಅದನ್ನೇ ಕೇಳ್ತಿದ್ರಿ."

"ಇನ್ನು ನಂಗೆ ಬ್ಯಾಡ ಅಂದ್ರು. ಯಾವ ಸ್ಕ್ರೂ ಎಲ್ಲಿಂದು ಅಂತ ನಂಬಿಕೆ ಇಲ್ಲಂತೆ. ಸ್ಕ್ರೂ ಡ್ರೈವರ್ ಎಲ್ಲ ಗಂಟು ಕಟ್ಟಿಟ್ಟಾರೆ. ನಮ್ಮವ್ವಗೂ ಹಿಂಗೇ ಶುರುವಾಗಿತ್ತು ಅಂದ್ರು."

ನಮ್ಮವ್ವ ಕಡೆಯ ಎರಡು ವರ್ಷ ನಮ್ಮನ್ನೆಲ್ಲ ಮರೆತಿದ್ದಳು. ನನ್ನನ್ನು "ಕರೆಂಟಿನೋರು ಬಂದಾರೆ" ಎನ್ನುತ್ತಿದ್ದಳು. ಅಣ್ಣ ಮಾತ್ರ ದಿನಾ ಅವಳ ಎದುರು ಕೂತು, ತನ್ನ ಹೆಸರು ಹೇಳಿ, "ನಿನ್ನ ದೊಡ್ಡ ಮಗ ಕಣವ್ವ" ಎಂದು ಪರಿಚಯ ಮಾಡಿಕೊಳ್ಳುತ್ತಿದ್ದ.

ನಾನು ಅಂಗಡಿಯ ಶಟರ್ ಎಳೆದು ಬಸ್ಸು ಹತ್ತಿದೆ.

ಅಣ್ಣ ಜಗಲಿಯ ಮೇಲೆ ಕೂತಿದ್ದ. ಕೈ ಖಾಲಿ. ಆ ಕೈಗಳನ್ನು ಖಾಲಿಯಾಗಿ ನಾನು ಯಾವತ್ತೂ ನೋಡಿರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಬಿಟ್ಟುಹೋಗಿ, ನಿಂತುಕೊಂಡೇ ಹೇಳಿಬಿಟ್ಟೆ:

"ಅಣ್ಣಾ, ಚುಕ್ಕಿ ಇತ್ತು. ನಾನೇ ಅಳಿಸಿದ್ದು. ನನ್ನ ಪರದೆ ಕೆಟ್ಟಿತ್ತು, ನಿನ್ಮುಂದೆ ಹೇಳಾಕೆ ನಾಚಿಕೆ ಆತು. ಆಮೇಲೆ ಸುಳ್ಳು ಹೇಳ್ದೆ."

ಹೊಡೆದರೆ ಹೊಡೆಯಲಿ ಎಂದು ಕೆನ್ನೆ ಸ್ವಲ್ಪ ಮುಂದೆಯೇ ಇಟ್ಟುಕೊಂಡಿದ್ದೆ.

"ಇತ್ತಾ? ಎಲ್ಲಿತ್ತು?"

"ಮೇಲಿನ ಉಬ್ಬಿನ ಎಡಕ್ಕೆ."

"ಎಡಕ್ಕೇ!" ಅವನ ಬೆನ್ನು ನೆಟ್ಟಗಾಯಿತು. "ಯಾವುದ್ರಾಗೆ ಅಳಿಸ್ದೆ?"

"ಥಿನ್ನರ್."

"ಥಿನ್ನರಾ? ಲೇ, ಪ್ಲಾಸ್ಟಿಕ್ಕಿಗೆ ಯಾರಾದ್ರೂ ಥಿನ್ನರ್ ಹಚ್ತಾರೇನ್ಲೇ, ಬುದ್ಧಿಗೇಡಿ! ಮೈ ಎಲ್ಲ ಮಂಕಾಗ್ತೈತೆ!"

ಅಷ್ಟು ತಿಂಗಳ ಪಾಪಕ್ಕೆ ಅವನು ಬೈದದ್ದು ಅಷ್ಟೇ. ಆಮೇಲೆ ಎದ್ದು ಒಳಗೆ ಓಡಿದ. ಐವತ್ತಾರು ವರ್ಷದ ಮನುಷ್ಯ ನಿಜವಾಗಿ ಓಡಿದ! ಅಡುಗೆಮನೆಯಿಂದ ಅವನ ದನಿ ಕೇಳಿಸಿತು:

"ಕೇಳಿದ್ಯೇನೇ? ನಾ ಮರ್ತಿರಲಿಲ್ಲಂತೆ! ಚುಕ್ಕಿ ಇಟ್ಟಿದ್ನಂತೆ! ಎಡಕ್ಕೇ ಇತ್ತಂತೆ!"

ನಾನು ಜಗಲಿಯ ಮೇಲೆ ಕೂತು ಅತ್ತೆ. ಹೊರಗೆ ಬಂದಾಗ ಅವನ ಒಂದು ಕೈಯಲ್ಲಿ ಇಡ್ಲಿ ತಟ್ಟೆ, ಇನ್ನೊಂದರಲ್ಲಿ ನೇಲ್ ಪಾಲಿಶ್ ಸೀಸೆ. ನನ್ನ ಬಲಗೈ ಎಳೆದುಕೊಂಡು, ಕನ್ನಡಕ ಮೂಗಿನ ತುದಿಗೆ ಸರಿಸಿ, ಹೆಬ್ಬೆರಳಿನ ಉಗುರಿನ ಬುಡದಲ್ಲಿ ಒಂದು ಕೆಂಪು ಚುಕ್ಕಿ ಇಟ್ಟ.

"ಇದು ಒಳಗೆ ಬಿಚ್ಚಿ ಜೋಡಿಸಿದ ಪೀಸು. ನೋಡ್ಕೊಂಡು ಬಳಸಬೇಕು" ಎಂದ. ಊದಿ ಊದಿ ಒಣಗಿಸಿದ.

ಆಗಿ ಐದು ತಿಂಗಳಾಯಿತು. ಹರಿಹರದಲ್ಲಿ ಇಡ್ಲಿಯನ್ನು ಮತ್ತೆ ಒತ್ತಿ ನೋಡಿ ತಿನ್ನುತ್ತಿದ್ದೇವೆ. ಉಗುರು ಬೆಳೆದು ಆ ಚುಕ್ಕಿ ಈಗ ತುದಿಗೆ ಬಂದಿದೆ. ಉಗುರು ಕತ್ತರಿಸಿ ಎಂದು ಹೆಂಡತಿ ಬೈಯುತ್ತಲೇ ಇದ್ದಾಳೆ. ನಾಳೆ, ನಾಳೆ ಎನ್ನುತ್ತಿದ್ದೇನೆ.