ಒಂಬತ್ತು ಬೆನ್ನು, ಒಂದೇ ಏಳು

ಎಲ್ಲವನ್ನೂ ಬರೆದಿಡುವವರಿಗೆ ಒಂದು ರೋಗವಿರುತ್ತದೆ. ಅರ್ಧ ಹೇಳಿ ಬಾಯಿ ಮುಚ್ಚಲು ಅವರಿಗೆ ಬರುವುದಿಲ್ಲ. ನಾನು ದಿನಚರಿ ಬರೆಯುವವನು. ಬಹ್ರೇನಿನ ಹೂರಾದಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಗ್ಯಾಸ್ ಸಿಲಿಂಡರ್ ಬದಲಾದ ತಾರೀಖು, ಪಾತ್ರೆ ತೊಳೆಯುವ ಸರದಿಯಿಂದ ಯಾರು ಎಷ್ಟು ಸಲ ತಪ್ಪಿಸಿಕೊಂಡರು ಎಂಬ ಲೆಕ್ಕ, ಪ್ರತಿ ಶುಕ್ರವಾರದ ನನ್ನ ತೂಕ, ಎಲ್ಲವೂ ಅದರಲ್ಲಿದೆ. ತೂಕದ ಪುಟದಲ್ಲಿ ಓದುವಂಥದ್ದೇನೂ ಇಲ್ಲ. ಇಲ್ಲಿಗೆ ಬಂದಾಗಿನಿಂದ ಐವತ್ತೆರಡು ಕಿಲೋ ಅಲುಗಾಡಿಲ್ಲ. ಕುಂದಾಪುರದಲ್ಲಿರುವ ಅಮ್ಮನಿಗೆ ಈ ಬರವಣಿಗೆ ಎಂದೂ ಹಿಡಿಸಿದ್ದಿಲ್ಲ. "ಬ್ಯಾರೆ ಮಕ್ಳೆಲ್ಲ ಆಡ್ತೋ, ನೀನ್ ಕೂಕಂಡ್ ಅದನ್ ಬರೀತೆ" ಎಂದು ಚಿಕ್ಕಂದಿನಿಂದಲೂ ಹೇಳುತ್ತಾಳೆ. ಹಾಗಾಗಿ ನಾನು ಆಡುವುದನ್ನು ಒಂದೇ ಒಂದು ಸಲ ಅವಳು ಕಣ್ಣಾರೆ ಕಾಣಲಿ ಎಂಬುದು ನನ್ನ ಬಹುದಿನದ ಆಸೆ.

ಅವಕಾಶ ಸಾಫ್ಟ್‌ಬಾಲ್ ರೂಪದಲ್ಲಿ ಬಂತು. ಇದು ಬೇಸ್‌ಬಾಲಿನ ತಮ್ಮ. ಚೆಂಡು ದೊಡ್ಡದು, ಮೈದಾನ ಚಿಕ್ಕದು. ಸನದ್ ಎಂಬಲ್ಲಿರುವ ನಮ್ಮ ಕಂಪನಿಯ ಸ್ಟೋರಿನಲ್ಲಿರುವ ಫಿಲಿಪಿನೊ ಗೆಳೆಯ ಜೋಯೆಲ್‌ಗೆ ಈ ಆಟವೆಂದರೆ ಪ್ರಾಣ. ವರ್ಷಕ್ಕೊಮ್ಮೆ ನಡೆಯುವ ಪಂದ್ಯಕ್ಕೆ ಅವನು ನಮ್ಮ ಕರಾವಳಿಯ ಕ್ರಿಕೆಟ್ ಹುಡುಗರನ್ನೇ ಗುಡಿಸಿ ಒಂದು ತಂಡ ಕಟ್ಟಿದ. ಒಂಬತ್ತಕ್ಕೆ ಒಬ್ಬ ಕಡಿಮೆ ಬಿದ್ದಿದ್ದರಿಂದ ನನಗೂ ಜಾಗ ಸಿಕ್ಕಿತು. ಜರ್ಸಿ ಹೊಲಿಸುವ ಕೆಲಸವೂ ಸಿಕ್ಕಿತು, ಬರೆಯುವವನಲ್ಲವೇ. ಮೊದಲ ಸಾಲಿನಲ್ಲೇ ನನ್ನ ಹೆಸರು ಬರೆದು ಮುಂದೆ ಏಳು ಎಂದು ಹಾಕಿಕೊಂಡೆ. ಕೂಡಲೇ ಅಮ್ಮನಿಗೆ ಫೋನು ಮಾಡಿ, "ಜೋಯೆಲ್ ಹೆಂಡತಿ ಮೊಬೈಲಲ್ಲಿ ಲೈವ್ ತೋರಿಸ್ತಾಳೆ. ಹೆಲ್ಮೆಟ್ ಹಾಕಿರ್ತೇನೆ, ಮುಖ ಕಾಣ್ಲಿಕ್ಕಿಲ್ಲ. ಬೆನ್ನಲ್ಲಿ ಏಳು ನಂಬರ್ ಇದ್ದವ ನಾನು" ಎಂದೆ.

ಆಮೇಲೆ ಉಳಿದವರನ್ನು ಕೇಳಿದೆ. ಎಲ್ಲರಿಗೂ ಏಳೇ ಬೇಕು. ಏಳು ಅಂದರೆ ಯಾರ ನಂಬರ್ ಎಂದು ಕ್ರಿಕೆಟ್ ನೋಡುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಸಿ ವಿಭಾಗದ ಫೋರ್‌ಮನ್, ಮೂಲ್ಕಿಯ ದಿನಕರಣ್ಣ, ತೂಕದಲ್ಲಿ ನನ್ನ ಎರಡರಷ್ಟಿರುವವರು, "ಏಳು ಇಲ್ಲದಿದ್ರೆ ನಾನು ಬರುವುದೇ ಇಲ್ಲ" ಎಂದು ಕುಳಿತರು.

ಏಳನ್ನು ಉಳಿಸಿಕೊಳ್ಳಲು ನಾನು ಅಮೆರಿಕದ ಕಥೆ ತೆಗೆದೆ. ಅಲ್ಲಿನ ಬೇಸ್‌ಬಾಲಿನ ದೊಡ್ಡ ಲೀಗಿನಲ್ಲಿ ಕಪ್ಪು ಜನರಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಒಬ್ಬ ಆಟಗಾರ ನಲವತ್ತೆರಡನೇ ನಂಬರ್ ತೊಟ್ಟು ಒಳಗೆ ಬಂದ. ಅವನ ಗೌರವಕ್ಕೆಂದು ಮುಂದೆ ಎಲ್ಲ ತಂಡಗಳೂ ಆ ನಂಬರನ್ನು ಎತ್ತಿಟ್ಟವು. ಹೊಸಬರಿಗೆ ಅದು ಇಲ್ಲ, ಆದರೆ ಅದಾಗಲೇ ತೊಟ್ಟಿದ್ದ ಕೆಲವರು ಆಟ ಬಿಡುವವರೆಗೂ ತೊಡಬಹುದು ಎಂದರು. ಅವರಲ್ಲಿ ಕೆಲವರು ತಾವೂ ದೊಡ್ಡ ಹೆಸರು ಮಾಡಿದರು. "ನೋಡಿ, ಮೊದಲೇ ಇದ್ದವನಿಗೆ ಮಾತ್ರ" ಎಂದು ಪಟ್ಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟೆ. ಎಲ್ಲರೂ ತಲೆದೂಗಿದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದಿದ್ದೆ. ಆದರೆ ಮೇಲೆ ಹೇಳಿದ ರೋಗವಿದೆಯಲ್ಲ. "ವರ್ಷದಲ್ಲಿ ಒಂದು ದಿನ ಮಾತ್ರ ಎಲ್ಲ ತಂಡದವರೂ ನಲವತ್ತೆರಡನ್ನೇ ಹಾಕಿಕೊಳ್ತಾರೆ" ಎಂದು ಸೇರಿಸಿದೆ.

ದಿನಕರಣ್ಣ ಚಹಾದ ಲೋಟ ಕೆಳಗಿಟ್ಟರು. "ನಾವು ಆಡುವುದು ವರ್ಷಕ್ಕೆ ಎಷ್ಟು ದಿನ ಮಾರಾಯ?"

"ಒಂದು."

"ಮತ್ತೆಂತ. ಖಲಾಸ್. ಎಲ್ಲರಿಗೂ ಏಳು ಹಾಕಿಸು."

ಪಂದ್ಯದ ದಿನ ಅಂಪೈರ್ ನಮ್ಮ ಸಾಲಿನ ಹಿಂದೆ ಒಮ್ಮೆ ನಡೆದುಹೋದ, ಮತ್ತೆ ತಿರುಗಿ ಬಂದ. "ಸೇಮ್ ಸೇಮ್?" ಎಂದ. ಜೋಯೆಲ್ ಅವನಿಗೆ ಅದೇನು ಹೇಳಿ ಒಪ್ಪಿಸಿದನೋ ಗೊತ್ತಿಲ್ಲ. ನಮ್ಮದು ಅರ್ಧ ತಾಸಿನಲ್ಲಿ ಸೋಲುವ ಯೋಗ್ಯತೆಯ ತಂಡವೆಂದೇ ಹೇಳಿರಬೇಕು. ನನ್ನ ಸರದಿ ಬಂದಾಗ ಊರಿನ ದಿಕ್ಕಿಗೆ ಮನಸ್ಸಿನಲ್ಲೇ ಕೈಮುಗಿದು ಬ್ಯಾಟ್ ಬೀಸಿದೆ. ಈ ಆಟದಲ್ಲಿ ಸಿಗುವ ಮೂರು ಸಲವೂ ಗಾಳಿಗೇ ಪೆಟ್ಟು ಬಿತ್ತು, ಚೆಂಡಿಗೆ ಸುದ್ದಿಯೇ ಮುಟ್ಟಲಿಲ್ಲ. ನನ್ನ ಹಿಂದೆಯೇ ಬಂದ ದಿನಕರಣ್ಣ ಮೊದಲ ಚೆಂಡನ್ನೇ ಬೇಲಿಯಾಚೆ, ನಿಲ್ಲಿಸಿದ್ದ ನೀರಿನ ಟ್ಯಾಂಕರಿನ ಮೇಲಕ್ಕೆ ಕಳಿಸಿದರು. ಹಾಗಿದ್ದೂ ನಾವು ಸೋತೆವು.

ಸಂಜೆ ಅಮ್ಮನೇ ಫೋನು ಮಾಡಿದಳು. ನಾನು ತಪ್ಪೊಪ್ಪಿಗೆಯ ಮಾತು ಜೋಡಿಸಿಕೊಂಡಿದ್ದೆ.

"ಬೆನ್ನ್ ಕಂಡ್ ಕೂಡ್ಲೆ ಗುರ್ತ ಸಿಕ್ತ್ ಮಗಾ. ಎಂಥಾ ಹೊಡ್ತ ಹೊಡ್ದೆ. ಆಚೆಮನೆಯವ್ರಿಗೂ ತೋರ್ಸ್ದೆ."

ಎರಡು ವರ್ಷಗಳಿಂದ ಅವಳು ನೋಡಿದ್ದು ವಿಡಿಯೊ ಕಾಲ್‌ನಲ್ಲಿ ಕುತ್ತಿಗೆಯ ಮೇಲಿನ ನನ್ನನ್ನು ಮಾತ್ರ. ಬಾಯಿ ತೆರೆದೆ. ಜೀವನದಲ್ಲಿ ಮೊದಲ ಬಾರಿಗೆ ಮಾತು ಅರ್ಧಕ್ಕೇ ನಿಂತಿತು. "ಹ್ಞೂಂ" ಎಂದೆ.

"ಆದ್ರೆ ಎಷ್ಟ್ ತೋರ ಆಯ್ದೆ ಮಾರಾಯ. ಸೊಂಟ ಕಂಡ್ ಹೆದ್ರಿಕೆ ಆಯ್ತ್. ನಾಳೆಯಿಂದ ರಾತ್ರಿ ಬರೀ ಗಂಜಿ. ನಾನ್ ಫೋನ್ ಮಾಡಿ ಕಾಂತೆ."

"ಆಯ್ತಮ್ಮ."

"ಮತ್ತೆ, ನಿನ್ಕಿಂತ ಮುಂಚೆ ಒಬ್ಬ ಸಪೂರದವ ಬಂದಿದ್ನಲ್ಲ, ಗಾಳಿ ಹಾಕ್ದಾಂಗ್ ಬೀಸ್ದವ. ಅವ ಯಾರ?"

"ಆಫೀಸಿನವ."

"ಪಾಪ, ಅವ್ನ ಹೆತ್ತ ಅಬ್ಬಿ ಕಂಡ್ರೆ ಬೇಜಾರ್ ಮಾಡ್ಕಂತ್ಳ್. ನೀನ್ ಉಂಬುದ್ ಕಡ್ಮೆ ಮಾಡಿ ಅವ್ನಿಗೆ ಎರಡ್ ತುತ್ತ್ ಹಾಕ್."

ಅಮ್ಮನ ಮಾತು ಮೀರುವವನಲ್ಲ ನಾನು. ಪ್ರತಿ ರಾತ್ರಿ ಎಂಟಕ್ಕೆ ವಿಡಿಯೊ ಕಾಲ್ ಎದುರು ಕುಳಿತು ಉಪ್ಪಿನಕಾಯಿ ನೆಕ್ಕಿಕೊಂಡು ಗಂಜಿ ಕುಡಿಯುತ್ತೇನೆ. ಫೋನಿಟ್ಟ ಮೇಲೆ ಕೆಳಗಿನ ಹೋಟೆಲಿಗೆ ಹೋಗಿ ಆ ಸಪೂರದವನಿಗೆ ಬಿರಿಯಾನಿ ಕೊಡಿಸುತ್ತೇನೆ. ಕಳೆದ ಶುಕ್ರವಾರದ ತೂಕ ಐವತ್ತನಾಲ್ಕು.